ಮುಂಬಂಡಿಯ ಮನೆಯ ಗಾದಿಲಿಂಗ

ಕೆಂಗಲ್ಲಾಪುರದ ಹೆಸರನ್ನು ಕೇಳದವರು ಇಂದು ಕೇಳಿರಿ, ಕೇಳಿದವರು ಇನ್ನೊಮ್ಮೆ ಕೇಳಿರಿ. ಅದಿರಿನಿಂದ ಕೆಂಪೇರಿದ ಗುಡ್ಡಗಳ ಬುಡದಲ್ಲಿ ನೆಲೆಗೊಂಡ ಊರು ಅದು. ಒಂದೂರಿಗೆ ಕೋಟೆಯಿಂದ ಹೆಸರು, ಇನ್ನೊಂದೂರಿಗೆ ಕೆರೆಯಿಂದ ಹೆಸರು; ಕೆಂಗಲ್ಲಾಪುರಕ್ಕೆ ಜೀಪುಗಳಿಂದ ಹೆಸರು. ನಾಲ್ಕು ಚಕ್ರಕ್ಕೂ ಎಂಜಿನಿನ ಬಲ ಹರಿಯುವ, ದಾರಿಯಿಲ್ಲದಲ್ಲಿ ದಾರಿ ಮಾಡಿಕೊಳ್ಳುವ ಜೀಪುಗಳು ಅಲ್ಲಿ ಮನೆಮನೆಯ ಮುಂದೆ ನಿಂತಿರುತ್ತವೆ. ಎಮ್ಮೆಯಿಲ್ಲದ ಮನೆ ಆ ಊರಲ್ಲಿ ಸಿಕ್ಕೀತು, ಜೀಪಿಲ್ಲದ ಮನೆ ಸಿಕ್ಕದು.

ವರ್ಷಕ್ಕೊಮ್ಮೆ, ಮಳೆಗಾಲ ಹಿಂದೆ ಸರಿದು ನೆಲ ಇನ್ನೂ ಹಸಿಯಾಗಿರುವಾಗ, ಆ ಜೀಪುಗಳೆಲ್ಲ ಸಾಲುಗಟ್ಟಿ ಗುಡ್ಡದ ಸುತ್ತಿಗೆ ಹೊರಡುತ್ತವೆ. ಪರಊರಿನಿಂದ ಬಂಡಿ ತಂದು ಸಾಲಿಗೆ ಸೇರಿಕೊಳ್ಳುವವರೂ ಉಂಟು. ಮರಳು, ಕಲ್ಲು, ಕೆಸರು, ಹಳ್ಳ ಎಲ್ಲವನ್ನೂ ದಾಟಿ ಗುಡ್ಡದಾಚೆಯ ಗುಬ್ಬಿಕೊಳ್ಳವೆಂಬ ಹಳ್ಳಿಯನ್ನು ಮುಟ್ಟಬೇಕು. ಎಲ್ಲರಿಗಿಂತ ಮುಂದೆ ಹೋಗುವ ಜೀಪಿಗೆ ಮುಂಬಂಡಿಯೆಂದು ಹೆಸರು. ಹಿಂದೆ ಬರುವವರು ಹೂತುಕೊಂಡರೆ ಎಳೆದು ತೆಗೆಯುವ ಹೊಣೆ ಮುಂಬಂಡಿಯದು. ಆದುದರಿಂದ ಹಗ್ಗವಾವುದು, ಕೊಂಡಿಯಾವುದು, ಹಲಗೆ, ಜಾಕು, ಸಲಿಕೆ ಎಂತಹವು ಎಂದು ಆರಿಸಿ, ಸಾಲಿನ ಎಲ್ಲ ಬಂಡಿಗಳನ್ನೂ ಸಜ್ಜುಗೊಳಿಸುವ ಅಧಿಕಾರವೂ ಆ ಮನೆಯವರದೇ. ಅರಮನೆಯ ಸೇನಾಪತಿಗೆ ಇದ್ದ ಮರ್ಯಾದೆ ಕೆಂಗಲ್ಲಾಪುರದಲ್ಲಿ ಮುಂಬಂಡಿಯ ಮನೆಗೆ ಇತ್ತು.

ಆ ಮರ್ಯಾದೆ ಹೊನ್ನೂರವ್ವನ ಮನೆಯಲ್ಲಿ ನೆಲೆಸಿತ್ತು. ಅವಳ ಗಂಡ ಬದುಕಿರುವಷ್ಟು ಕಾಲ ಮುಂಬಂಡಿಯನ್ನು ನಡೆಸಿದ. ಪಕ್ಕದಲ್ಲಿ ಕುಳಿತು ಯಾವ ಹಗ್ಗ ಯಾವ ಭಾರಕ್ಕೆ, ಚಕ್ರಕ್ಕೆ ಎಷ್ಟು ಗಾಳಿ ಯಾವ ನೆಲಕ್ಕೆ ಎಂದು ಹೇಳುತ್ತಿದ್ದವಳು ಹೊನ್ನೂರವ್ವ. ಗಂಡ ತೀರಿಕೊಂಡ ಮೇಲೆ ಊರ ಹಿರಿಯರಾದ ಪಂಪನಗೌಡರು ಮನೆಗೆ ಬಂದು, ಮಜ್ಜಿಗೆ ಕುಡಿದು, ಮೆಲ್ಲನೆ ವಿಷಯ ತೆಗೆದರು. ಈ ಸಲದ ಸುತ್ತಿನಲ್ಲಿ ಈ ಮನೆಯವರೇ ಜೀಪು ನಡೆಸಿ, ಎಲ್ಲರಿಗಿಂತ ಮೊದಲು ಗುಬ್ಬಿಕೊಳ್ಳವನ್ನು ಮುಟ್ಟಿದರೆ ಮುಂಬಂಡಿಯ ಮರ್ಯಾದೆ ಇಲ್ಲೇ ಉಳಿಯುವುದು; ಆಗದಿದ್ದರೆ ಎರ್ರಿಸ್ವಾಮಿಯ ಮನೆಗೆ ಹೋಗುವುದು ಎಂದರು. ಎರ್ರಿಸ್ವಾಮಿಯೆಂಬವನು ಹೊನ್ನೂರವ್ವನ ಮೈದುನನ ಮಗ. ಹೊಸ ಜೀಪು ಕೊಂಡಿದ್ದ. ಅದಕ್ಕಿಂತ ಹೊಸದಾದ ಮೀಸೆ ಬಿಟ್ಟಿದ್ದ.

ಹೊನ್ನೂರವ್ವ ಸೆರಗು ಸರಿಪಡಿಸಿಕೊಂಡು ಹೇಳಿದಳು: "ನಮ್ಮ ಮನ್ಯಾಗ ಗಂಡುಮಗ ಅದಾನ ಗೌಡ್ರ. ಮುಂಬಂಡಿ ಈ ಅಂಗಳ ಬಿಟ್ಟು ಹೋಗಂಗಿಲ್ಲ."

ಗಂಡುಮಗನೇನೋ ಇದ್ದ. ಹೆಸರು ಗಾದಿಲಿಂಗ. ಆಳು ಎತ್ತರ, ಎದೆ ಅಗಲ, ಜೀಪಿನ ಹಿಂಭಾಗವನ್ನು ಒಬ್ಬನೇ ಎತ್ತಿ ಬದಿಗಿಡುವ ಬಲ. ತಾಯಿಯ ಮಾತಿಗೆ ಎದುರಾಡಿದವನಲ್ಲ, ಹೇಳಿದ್ದನ್ನು ಮರೆತವನಲ್ಲ. ಅಷ್ಟು ಮಾತು ಕೇಳುವ ಮಗ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ತಾಯಿಯ ದುಃಖಕ್ಕೆ ಕಾರಣವೂ ಅದೇ ಆಗಿತ್ತು.

ಮೊದಲು ಅವನನ್ನು ಹಗರಿ ಹೊಳೆಯ ಮರಳಿಗೆ ಕಳುಹಿಸಿದಳು. ಹೋಗಿ, ದಾಟಿ, ಬಾ ಎಂದಳಷ್ಟೆ. ಹೋದ. ನಡುಮರಳಿನಲ್ಲಿ ಚಕ್ರ ತಿರುಗಿತು, ಜೀಪು ಮುಂದೆ ಸರಿಯದೆ ಕೆಳಗೆ ಸರಿಯಿತು. ಗಾದಿಲಿಂಗ ದಾಟಬೇಕೆಂಬ ಮಾತನ್ನು ನೆನೆದು ಇನ್ನಷ್ಟು ಒತ್ತಿದ. ಜೀಪು ಇನ್ನಷ್ಟು ಇಳಿಯಿತು. ಮರಳು ಬಾಗಿಲಿನವರೆಗೆ ಬಂದಾಗ ಜೀಪಿನ ಮೇಲೆ ಹತ್ತಿ ಕುಳಿತು, ಹೊಳೆಯೇ ತನ್ನದೆಂಬಂತೆ ಸುತ್ತಲೂ ನೋಡಿದ. ಕುರಿ ಕಾಯುವವರು ಕೂಡಿ ಅಗೆದು ತೆಗೆಯಬೇಕಾಯಿತು.

ಹೊನ್ನೂರವ್ವ ಹಣೆ ಚಚ್ಚಿಕೊಂಡಳು. ಮರಳಿನಲ್ಲಿ ಎಂಜಿನನ್ನು ಕೂಗಿಸಿದರೆ ಏನು ಬಂತು, ಚಕ್ರದ ಗಾಳಿ ಇಳಿಸಬೇಕು, ಗಾಳಿ ಇಳಿದ ಚಕ್ರ ರೊಟ್ಟಿಯಂತೆ ಅಗಲವಾಗಿ ಮರಳಿನ ಮೇಲೆ ತೇಲಿ ಹೋಗುತ್ತದೆ ಎಂದು ಬೈದು ತಿಳಿಸಿದಳು.

"ಆಗಲವ್ವಾ, ನೀ ಹೇಳಿದಂಗ," ಎಂದ ಗಾದಿಲಿಂಗ. ತಾಯಿಯ ಮಾತು ಅವನ ಕಿವಿಗೆ ಬಿತ್ತು, ಬಿದ್ದಲ್ಲೇ ಬೇರುಬಿಟ್ಟಿತು.

ಮರುವಾರ ಅದಿರುಗುಡ್ಡಕ್ಕೆ ಕಳುಹಿಸಿದಳು. ಅಲ್ಲಿ ಕೊಡಲಿಯ ಬಾಯಿಯಂತಹ ಕಲ್ಲುಗಳು ದಾರಿಯುದ್ದಕ್ಕೂ ಚಾಚಿಕೊಂಡಿದ್ದವು. ಗಾದಿಲಿಂಗ ಇಳಿದು, ಚಕ್ರಗಳ ಗಾಳಿಯನ್ನೆಲ್ಲ ಇಳಿಸಿದ. ಬೆನ್ನಿಗೆ ಕಟ್ಟಿದ್ದ ಹೆಚ್ಚುವರಿ ಚಕ್ರಕ್ಕೆ ಅನ್ಯಾಯವಾಗಬಾರದೆಂದು ಅದರ ಗಾಳಿಯನ್ನೂ ಇಳಿಸಿದ. ರೊಟ್ಟಿಯಂತಾದ ಚಕ್ರಗಳು ಕಲ್ಲುಗಳ ಬಾಯಿಗೆ ರೊಟ್ಟಿಯಾಗಿಯೇ ಹೋದವು. ಸಂಜೆಗೆ ಜೀಪು ಬರಿಯ ಕಬ್ಬಿಣದ ಬಳೆಗಳ ಮೇಲೆ ಕಟಕಟನೆ ಸದ್ದು ಮಾಡುತ್ತ ಊರು ಸೇರಿತು. ಆ ಸದ್ದಿಗೆ ಬಾಗಿಲಿಗೆ ಬಂದ ಜನರಿಗೆಲ್ಲ ಗಾದಿಲಿಂಗ ಕೈ ಮುಗಿಯುತ್ತ ಬಂದ. ಎದುರುಗೊಳ್ಳಲು ಬಂದರೆಂದು ತಿಳಿದಿದ್ದ.

"ಕಲ್ಲಿನ ಮ್ಯಾಲೆ ಯಾರಲೇ ಗಾಳಿ ಇಳಸ್ತಾರ?" ಎಂದಳು ತಾಯಿ. "ಕಲ್ಲಿಗೆ ಕಲ್ಲಾಗಬೇಕು ಚಕ್ರ. ಗಟ್ಟಿಯಾಗಿ ಗಾಳಿ ತುಂಬಬೇಕು."

"ಆಗಲವ್ವಾ, ನೀ ಹೇಳಿದಂಗ."

ಬಳಿಕ ಎರೆಹೊಲಗಳ ಮೇಲೆ ಮಳೆ ಬಿತ್ತು. ಎರೆಯ ಕರಿಮಣ್ಣು ನೆನೆದರೆ ಅಂಟಿನಂತಾಗುವುದು. ಕಾಲಿಟ್ಟವರ ಕೆರ ಉಳಿಸಿಕೊಳ್ಳುವುದು. ಅದರಲ್ಲಿ ಹೋಗಿ ಬಾ ಎಂದು ಕಳುಹಿಸಿದಳು. ಜೀಪು ಹೊಲದ ನಡುವೆ ಮುಗ್ಗರಿಸಿತು. ಗಾದಿಲಿಂಗ ಪಂಪು ತೆಗೆದು, ಬೆವರು ಸುರಿಸಿ, ಹೊಸ ಚಕ್ರಗಳು ಬಡಿದರೆ ಡೊಳ್ಳಿನಂತೆ ನುಡಿಯುವವರೆಗೆ ಗಾಳಿ ತುಂಬಿದ. ಕಲ್ಲಾದ ಚಕ್ರ ಕಲ್ಲಿನಂತೆಯೇ ಮುಳುಗಿತು. ಉಳುಮೆಯವರು ಎತ್ತು ಕಟ್ಟಿ ಎಳೆದರು. ಜೀಪಿನ ಮೂತಿಗೆ ನೊಗ ಕಟ್ಟಿದ್ದನ್ನು ಎರ್ರಿಸ್ವಾಮಿ ಊರೆಲ್ಲ ಹೇಳಿಕೊಂಡು ನಕ್ಕ.

ಹೊನ್ನೂರವ್ವ ನಗುವವರ ಮುಂದೆ ತಲೆ ತಗ್ಗಿಸಲಿಲ್ಲ. ಎರೆಯಲ್ಲಿ ಹೂತುಕೊಳ್ಳುವುದು ತನ್ನ ಮಗನ ಜೀಪಷ್ಟೇ ಅಲ್ಲ, ರಾಜರ ಆನೆಯೂ ಹೂತೀತು ಎಂದಳು. ಆದರೆ ಮನೆಯೊಳಗೆ ಬಂದು ಕದ ಹಾಕಿ ಮಗನಿಗೆ ಚೆನ್ನಾಗಿ ಬೈದಳು. ಕೆಸರಿನಲ್ಲಿ ಚಕ್ರದ ಮುಂದೆ ಹಲಗೆ ಹಾಸಬೇಕು; ಚಕ್ರ ಹಲಗೆಯ ಮೇಲೆ ಹತ್ತಬೇಕು, ಹಲಗೆ ಕೆಸರಿನ ಮೇಲೆ ಕೂರಬೇಕು; ನೆಲ ಒದ್ದೆ ಕಂಡೊಡನೆ ಹಲಗೆ ತೆಗೆ ಎಂದಳು. ಒಳ್ಳೆಯ ತೇಗದ ಹಲಗೆಗಳನ್ನು ಆರಿಸಿ ಜೀಪಿನ ಪಕ್ಕಕ್ಕೆ ಕಟ್ಟಿಸಿದಳು.

ಅದಾದ ಮೇಲೆ ಅವನು ಕಂಡ ಮೊದಲ ಒದ್ದೆ ನೆಲವೆಂದರೆ ತುಂಬಿ ಹರಿಯುವ ಹಳ್ಳ. ಒದ್ದೆಯಿದೆಯೆಂಬುದರಲ್ಲಿ ಸಂಶಯವೇನು? ಗಾದಿಲಿಂಗ ಹಲಗೆ ಬಿಚ್ಚಿ ನೀರಿನ ಮೇಲೆ ಹಾಸಿದ. ಹಲಗೆ ಹೊರಟಿತು. ಇನ್ನೊಂದನ್ನು ಹಾಸಿದ. ಅದೂ ಹೊರಟಿತು. ಇದ್ದ ಹಲಗೆಗಳೆಲ್ಲ ಹಿಂದೆಮುಂದೆ ಸಾಲುಗಟ್ಟಿ, ಮದುವೆಯ ದಿಬ್ಬಣದಂತೆ ಹಳ್ಳದಲ್ಲಿ ಇಳಿದು ಹೋದವು. ಹಲಗೆ ಹೋದ ದಾರಿಯಲ್ಲೇ ಜೀಪು ಹೋಗಬೇಕೆಂದು ಅವನೂ ನೀರಿಗಿಳಿಸಿದ. ಎಂಜಿನು ನೀರು ಕುಡಿದು ನಿಂತಿತು. ಸದ್ಯ, ಹಳ್ಳ ಇಳಿಯಿತು, ಜೀವ ಉಳಿಯಿತು.

ತಾಯಿ ಈ ಸಲ ಬೈಯುವ ಮೊದಲು ಅವನ ತಲೆ ಒರೆಸಿದಳು. ಹೆದರಿದ್ದಳು. ಒರೆಸುತ್ತ ಒರೆಸುತ್ತ ಹೇಳಿದಳು: "ನೀರು ಕಂಡ್ರ ಮದಲು ಕೋಲು ಹಿಡದು ನೀ ಇಳೀಬೇಕು. ಆಳ ನೋಡ್ಕೋತ ನಡೀಬೇಕು. ಸೊಂಟ ಮುಟ್ಟಿದ್ರ ಹಿಂದಕ್ಕ ಬರಬೇಕು. ನೀ ನಡದ ದಾರ್ಯಾಗ ಜೀಪು ಬರ್ತೈತಿ, ತಿಳೀತಾ? ಮದಲು ನೀನು, ಆಮ್ಯಾಲೆ ಜೀಪು."

"ಮದಲು ನಾನು, ಆಮ್ಯಾಲೆ ಜೀಪು. ಆಗಲವ್ವಾ."

ಸುತ್ತಿನ ದಿನ ಹತ್ತಿರವಾಗಿತ್ತು. ಸಾಮಗ್ರಿ ಕೊಳ್ಳಲು ಮಗನನ್ನು ಹೊಸಪೇಟೆಗೆ ಕಳುಹಿಸುವುದೆಂದು ಹೊನ್ನೂರವ್ವ ನಿಶ್ಚಯಿಸಿದಳು. ಸಾಮಗ್ರಿಯನ್ನು ಆರಿಸುವ ವಿದ್ಯೆಯಲ್ಲಿ ಆ ಮನೆಗೆ ಸಮನಾದ ಮನೆ ಇರಲಿಲ್ಲ. ಆ ವಿದ್ಯೆಯನ್ನು ಅವಳು ಮಗನಿಗೆ ಮಂತ್ರದಂತೆ ಉಪದೇಶಿಸಿದಳು. ಎಳೆಯುವ ಬೆಲ್ಟು ರಬ್ಬರಿನಂತೆ ಹಿಗ್ಗುವಂಥದ್ದಾಗಿರಬೇಕು, ಜಗ್ಗಿದಾಗ ಬಂಡಿಗೆ ಪೆಟ್ಟು ಬೀಳದು. ಮರಕ್ಕೆ ಸುತ್ತುವ ಬೆಲ್ಟು ಅಗಲವಾಗಿರಬೇಕು, ಹಿಗ್ಗಬಾರದು. ಮರದ ತೊಗಟೆ ಸುಲಿಯಬಾರದು. ಕೊಂಡಿಯ ಕಬ್ಬಿಣದ ಮೇಲೆ ಅದು ಎಷ್ಟು ಭಾರ ತಾಳುವುದೆಂದು ಅಚ್ಚೊತ್ತಿರಬೇಕು. ಭಾರದ ಅಚ್ಚಿಲ್ಲದ ಯಾವುದನ್ನೂ ಮುಟ್ಟಬೇಡ ಎಂದು ಕೊನೆಗೆ ಬೆರಳು ಎತ್ತಿ ಹೇಳಿದಳು.

ಗಾದಿಲಿಂಗ ಕೋಲು ಹಿಡಿದು ಹೊರಟ. ಡಾಂಬರು ರಸ್ತೆಯ ಮೇಲೆ ಕೋಲೂರಿ ಆಳ ನೋಡುತ್ತ ನಡೆದ. ಬಸ್ಸುಗಳು ಕೂಗಿದವು, ಲಾರಿಗಳು ಬೈದವು. ಅವನು ಎದೆ ಸೆಟೆಸಿ ನಡೆದ. ಮಧ್ಯಾಹ್ನ ತಿರುಗಿದಾಗ ಹೊಸಪೇಟೆ ಸಿಕ್ಕಿತು. ಅಂಗಡಿಯಲ್ಲಿ ಹಿಗ್ಗುವ ಬೆಲ್ಟನ್ನು ಹಿಗ್ಗಿಸಿ ನೋಡಿ ಕೊಂಡ, ಹಿಗ್ಗದ್ದನ್ನು ಹಿಗ್ಗಿಸಲು ಹೋಗಿ ಸೋತು ಕೊಂಡ, ಕೊಂಡಿಗಳ ಅಚ್ಚನ್ನು ಬೆರಳಿಂದ ಸವರಿ ಕೊಂಡ. ಕೊಂಡುದರಲ್ಲಿ ಒಂದೂ ತಪ್ಪಿರಲಿಲ್ಲ. ಅಂಗಡಿಯವನೇ ಬೆರಗಾಗಿ, ಯಾವ ಮನೆಯವನಪ್ಪಾ ನೀನು ಎಂದು ಕೇಳಿದ. ಮುಂಬಂಡಿಯ ಮನೆಯವನು ಎಂದು ಗಾದಿಲಿಂಗ ಉತ್ತರಿಸಿದಾಗ ಅಂಗಡಿಯ ಛಾವಣಿ ಸ್ವಲ್ಪ ತಗ್ಗಾಯಿತೆಂದು ಕಂಡವರು ಹೇಳುತ್ತಾರೆ.

ಆಮೇಲೆ ಹಸಿವಾಯಿತು. ಪಕ್ಕದ ಗಾಡಿಯಲ್ಲಿ ಬಿಸಿ ಮಿರ್ಚಿ ಕರಿಯುತ್ತಿದ್ದರು, ಒಗ್ಗರಣೆ ಮಂಡಕ್ಕಿ ಕಲಸುತ್ತಿದ್ದರು. ಗಾದಿಲಿಂಗ ಮಿರ್ಚಿಯನ್ನು ಬಗ್ಗಿ ಬಗ್ಗಿ ನೋಡಿ, ಇದು ಎಷ್ಟು ಭಾರ ತಾಳುವುದೆಂದು ಎಲ್ಲಿ ಅಚ್ಚೊತ್ತಿದ್ದೀರಿ ಎಂದು ಕೇಳಿದ. ಒತ್ತಿಲ್ಲವೆಂದು ತಿಳಿದು ಮುಟ್ಟದೆ ಬಂದ. ಬೀದಿಯ ಅಂಚಿನಲ್ಲಿ ಸಾಮಗ್ರಿಯ ಮೂಟೆಯ ಮೇಲೆ ಕುಳಿತು ಜೀಪಿನ ದಾರಿ ಕಾದ. ತಾನು ನಡೆದು ಬಂದಾಗಿತ್ತು. ಇನ್ನು ಜೀಪು ಬರಬೇಕು. ಹೊತ್ತಿಳಿದರೂ ಬರಲಿಲ್ಲ. ಕೊನೆಗೆ ಹಾಲಿನ ವ್ಯಾನಿನವರು ಕನಿಕರಪಟ್ಟು ಅವನನ್ನೂ ಮೂಟೆಯನ್ನೂ ಊರಿಗೆ ತಂದು ಇಳಿಸಿದರು. ಜೀಪು ಅಂಗಳದಲ್ಲೇ ಇತ್ತು. ಗಾದಿಲಿಂಗ ಅದರ ಮುಂದೆ ನಿಂತು, ಬರಲಿಲ್ಲವೇಕೆಂದು ಬಹಳ ನೊಂದ ಧ್ವನಿಯಲ್ಲಿ ವಿಚಾರಿಸಿದ.

ಹೊನ್ನೂರವ್ವ ಮೂಟೆ ಬಿಚ್ಚಿ ಒಂದೊಂದನ್ನೂ ನೋಡಿದಳು. ಅವಳ ಕಣ್ಣು ತುಂಬಿತು. ಗಂಡನೂ ಇಷ್ಟು ಚೆನ್ನಾಗಿ ಆರಿಸಿ ತಂದವನಲ್ಲ. ಆದರೆ ಅವನು ಕಾಲ್ನಡಿಗೆಯಲ್ಲೇ ಹೋದ ಸಂಗತಿ ತಿಳಿದಾಗ ಬಿಚ್ಚಿದ ಮೂಟೆಯನ್ನು ಮತ್ತೆ ಬಿಗಿದು ಕಟ್ಟಿದಳು. ಇನ್ನು ಮೇಲೆ ಜೀಪು ಬಿಟ್ಟು ಎಲ್ಲಿಗೂ ಹೋಗಬೇಡ, ಹೋದಲ್ಲೆಲ್ಲ ಅದರಲ್ಲೇ ಕುಳಿತು ಹೋಗು ಎಂದಳು.

ಮರುದಿನ ಪಂಪನಗೌಡರ ಮೊಮ್ಮಗಳ ಮದುವೆಯ ಊಟ. ಗಾದಿಲಿಂಗ ಜೀಪಿನಲ್ಲೇ ಹಂದರದೊಳಗೆ ಬಂದ. ಊಟದ ಸಾಲಿನ ತುದಿಗೆ ಜೀಪು ನಿಲ್ಲಿಸಿ, ಇಳಿಯದೆ ಕುಳಿತ. ಬಡಿಸುವವರು ಕರೆದರು; ಅವ್ವನ ಅಪ್ಪಣೆ ಇಲ್ಲವೆಂದ. ಬೇರೆ ದಾರಿ ಕಾಣದೆ ಬಾನೆಟ್ಟಿನ ಮೇಲೆ ಎಲೆ ಹಾಸಿದರು. ಕಾದ ಬಾನೆಟ್ಟಿನ ಮೇಲೆ ಸಾರು ಇನ್ನೊಮ್ಮೆ ಕುದಿಯಿತು. ಅಂತಹ ಬಿಸಿ ಊಟ ಆ ಮದುವೆಯಲ್ಲಿ ಮತ್ತಾರಿಗೂ ಸಿಕ್ಕಲಿಲ್ಲ. ಹಿಂದಕ್ಕೆ ತೆಗೆಯುವಾಗ ಹಂದರದ ಒಂದು ಕಂಬ ಮಲಗಿತು, ಅದರೊಡನೆ ಮಾವಿನ ತೋರಣವೂ. ಪಂಪನಗೌಡರು ದೊಡ್ಡವರು; ತಾವೇ ಕಂಬ ಎತ್ತಿ ನಿಲ್ಲಿಸಿದರು. ಅದರಿಂದಲೇ ಹೊನ್ನೂರವ್ವನಿಗೆ ಹೆಚ್ಚು ನೋವಾಯಿತು; ಇಳಿಯಬೇಕಾದಲ್ಲಿ ಇಳಿ ಎಂದು ಮಗನಿಗೆ ತಿದ್ದಿ ಹೇಳಿದಳು.

ಇನ್ನು ಉಳಿದುದು ವಿಂಚಿನ ಪಾಠ. ಜೀಪಿನ ಮೂತಿಯಲ್ಲಿ ಕೂಡಿಸಿದ, ಉಕ್ಕಿನ ಹಗ್ಗವನ್ನು ತನ್ನೊಳಗೆ ಸುತ್ತಿಕೊಳ್ಳುವ ಯಂತ್ರಕ್ಕೆ ವಿಂಚೆನ್ನುವರು. ಹಗ್ಗದ ತುದಿಯನ್ನು ಎದುರಿಗಿರುವ ಗಟ್ಟಿಯಾದುದಕ್ಕೆ ಕಟ್ಟಿ ಗುಂಡಿ ಒತ್ತಿದರೆ ಜೀಪು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುವುದು. ಇಷ್ಟನ್ನು ಹೇಳಿ ಊರ ಹೊರಗಿನ ಕಾಲುವೆಯ ತಗ್ಗಿಗೆ ಮಗನನ್ನು ಇಳಿಸಿ, ಮೇಲೆ ಬಾ ಎಂದು ಅವಳು ಮನೆಗೆ ಬಂದಳು. ಗಾದಿಲಿಂಗ ದಡ ಹತ್ತಿ ನೋಡಿದ. ಎದುರಿಗೆ ಎರ್ರಿಸ್ವಾಮಿಯ ಹೊಸ ಜೀಪು ಗಟ್ಟಿಯಾಗಿ ನಿಂತಿತ್ತು. ಯಜಮಾನ ಚಹಾದಂಗಡಿಯಲ್ಲಿ ತನ್ನ ಮೀಸೆಯ ವಿಚಾರ ಮಾತಾಡುತ್ತಿದ್ದ. ಹಗ್ಗ ಬಿಗಿದ, ಗುಂಡಿ ಒತ್ತಿದ. ಹಳೆಯ ಜೀಪು ತಗ್ಗಿನಲ್ಲಿ ಬೇರೂರಿತ್ತು, ಕದಲಲಿಲ್ಲ. ಹೊಸ ಜೀಪು ಮೆಲ್ಲಮೆಲ್ಲನೆ ನಡೆದು ಬಂದು, ದಡ ಇಳಿದು, ಅದರ ಮುಂದೆ ಮೂತಿ ಊರಿ ನಮಸ್ಕರಿಸಿತು.

ಊರು ಕೂಡಿತು. ಎರ್ರಿಸ್ವಾಮಿ ಕೆಂಡವಾಗಿ, "ದೊಡ್ಡವ್ವಾ, ಸುತ್ತಿನ ದಿನ ಜೀಪು ಮನ್ಯಾಗ ಇಟ್ಟು ಮಗನ್ನ ಗೂಟಕ್ಕ ಕಟ್ಟು. ಊರಿಗೆ ಪುಣ್ಯ ಬರ್ತೈತಿ," ಎಂದ.

ಹೊನ್ನೂರವ್ವನಿಗೆ ಮಗನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ. ಸೊಂಟದ ಮೇಲೆ ಕೈಯಿಟ್ಟು ಅಷ್ಟು ಜನರ ಮುಂದೆ ಹೇಳಿದಳು: "ನಿನ್ನ ಹೊಸ ಬಂಡಿ ಕರದ್ರ ಬರ್ತೈತಲೋ ತಮ್ಮಾ. ನಮ್ಮದು ಬಂತೇನು? ಈ ಸೀಮ್ಯಾಗ ಎಳದ್ರ ಅಲುಗದ ವಸ್ತು ಅಂದ್ರ ನಮ್ಮ ಜೀಪೊಂದ."

ಜನ ನಕ್ಕರು, ಈ ಸಲ ನಗು ಅವಳ ಕಡೆಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ಮಗನಿಗೆ ತಿದ್ದಿ ಹೇಳಿದಳು: ನಿಂತ ಬಂಡಿಗೆ ಕಟ್ಟಬಾರದು, ಅಲುಗದ ವಸ್ತುವಿಗೆ ಕಟ್ಟಬೇಕು, ಕಟ್ಟಿದ ಕಡೆ ಅಗಲದ ಬೆಲ್ಟು ಸುತ್ತಬೇಕು, ಹಗ್ಗ ಹರಿದರೆ ಹಾವಿನಂತೆ ಹಾರಿ ಹೊಡೆಯದಿರಲೆಂದು ಅದರ ಮೇಲೆ ಒದ್ದೆ ಗೋಣಿ ಹೊದಿಸಬೇಕು.

"ಅಲುಗದ ವಸ್ತುವಿಗೆ. ಆಗಲವ್ವಾ, ನೀ ಹೇಳಿದಂಗ," ಎಂದ ಗಾದಿಲಿಂಗ. ಮಾತು ಬಿದ್ದಲ್ಲೇ ಬೇರುಬಿಟ್ಟಿತು.

ಸುತ್ತಿನ ದಿನ ಬಂದಿತು. ಹೊನ್ನೂರವ್ವ ಸಾಲಿನ ಒಂದೊಂದು ಬಂಡಿಯ ಬಳಿಯೂ ನಿಂತು, ಭಾರವಾದುದು ಕೆಳಗೆ, ಬೇಗ ಬೇಕಾದುದು ಮೇಲೆ, ಸಲಿಕೆ ಕೈಗೆಟುಕುವಲ್ಲಿ ಎಂದು ಕಟ್ಟಿಸಿದಳು. ಹಗ್ಗವನ್ನು ಬಂಪರಿಗಲ್ಲ, ಬಂಡಿಯ ಅಡಿಗಟ್ಟಾದ ಚಾಸಿಯ ಕೊಕ್ಕೆಗೇ ಸಿಕ್ಕಿಸಬೇಕೆಂದು ಪರಊರಿನವರಿಗೆ ತೋರಿಸಿಕೊಟ್ಟಳು. ಎರ್ರಿಸ್ವಾಮಿಯ ಜೀಪಿನ ಜಾಕಿನ ಕೆಳಗಿಡುವ ಮಣೆ ಬಿರುಕು ಬಿಟ್ಟಿತ್ತು. ಅದನ್ನು ತೆಗೆಸಿ ತನ್ನದೊಂದನ್ನು ಇಡಿಸಿದಳು. ಅವನು ಬೇಡವೆನ್ನಲಾರದೆ ಮೀಸೆ ತಿರುವಿದ. ಆ ದಿನ ಕೆಂಗಲ್ಲಾಪುರದಿಂದ ಹೊರಟ ಸಾಲನ್ನು ನೋಡಿದವರು ಧನ್ಯರು. ಮುಂಬಂಡಿಯ ಮೂತಿಯಲ್ಲಿ ಉದ್ದನೆಯ ಕೋಲಿಗೆ ಕಟ್ಟಿದ ಕೆಂಪು ಬಾವುಟ, ಅದರ ಹಿಂದೆ ಸ್ಟೇರಿಂಗು ಹಿಡಿದ ಗಾದಿಲಿಂಗ, ಅವನ ಪಕ್ಕದಲ್ಲಿ ತಲೆಯೆತ್ತಿ ಕುಳಿತ ಹೊನ್ನೂರವ್ವ. ಹಿಂದಿನ ಜೀಪಿನಲ್ಲಿ ಪಂಪನಗೌಡರನ್ನು ಕೂರಿಸಿಕೊಂಡ ಎರ್ರಿಸ್ವಾಮಿ, ಅವನ ಹಿಂದೆ ಉಳಿದವರು.

ಮರಳಿನಲ್ಲಿ ತಾಯಿ ಗಾಳಿ ಇಳಿಸು ಎಂದಳು, ಇಳಿಸಿದ. ಕಲ್ಲಿನಲ್ಲಿ ತುಂಬು ಎಂದಳು, ತುಂಬಿದ. ಪಕ್ಕದಲ್ಲಿ ಅವಳಿರುವವರೆಗೆ ಎಲ್ಲವೂ ಸರಿಯಾಗಿತ್ತು. ಗುಬ್ಬಿಕೊಳ್ಳದ ಕಣಿವೆಯ ಬಾಯಲ್ಲಿ, ಎರಡು ಬಂಡೆಗಳ ನಡುವಿನ ಇಕ್ಕಟ್ಟಾದ ಕೆಸರಿನಲ್ಲಿ ಮುಂಬಂಡಿ ಸಾಗುತ್ತಿದ್ದಾಗ, ಹಿಂದೆ ಪರಊರಿನ ಬಂಡಿಯೊಂದು ಹೂತಿತೆಂದು ಕೂಗು ಬಂತು. ಹೊನ್ನೂರವ್ವ ಇಳಿದು ಅದನ್ನು ಎಳೆಸಲು ಹಿಂದಕ್ಕೆ ನಡೆದಳು. ಅಷ್ಟರಲ್ಲಿ ಮುಂಬಂಡಿಯೂ ಮೆಲ್ಲನೆ ಕೆಸರಿನಲ್ಲಿ ಕುಸಿಯಿತು.

ಗಾದಿಲಿಂಗ ಹೆದರಲಿಲ್ಲ. ಅವನಿಗೆ ಪಾಠ ಬರುತ್ತಿತ್ತು. ವಿಂಚಿನ ಹಗ್ಗ ಬಿಚ್ಚಿದ. ಮುಂದೆ ಒಂದು ದೊಡ್ಡ ಮತ್ತಿಯ ಮರವಿತ್ತು. ಗಾಳಿಗೆ ಅದರ ಕೊಂಬೆ ಅಲುಗುವುದನ್ನು ಕಂಡು ತಲೆಯಾಡಿಸಿ ಬಿಟ್ಟುಬಿಟ್ಟ. ಪಕ್ಕದ ಬಂಡೆಯನ್ನು ಭುಜದಿಂದ ನೂಕಿದ. ಅಂಥ ಬಲಕ್ಕೆ ಅದು ಸ್ವಲ್ಪ ಮಿಸುಕಿತು. ಅದನ್ನೂ ಬಿಟ್ಟ. ಬಳಿಕ ಹಗ್ಗವನ್ನು ಜೀಪಿನ ಮಗ್ಗುಲಿನಿಂದ ಹಿಂದಕ್ಕೆ ತಂದು, ಅದೇ ಜೀಪಿನ ಹಿಂದಿನ ಕೊಕ್ಕೆಗೆ ಅಗಲದ ಬೆಲ್ಟು ಸುತ್ತಿ, ಭದ್ರವಾಗಿ ಸಿಕ್ಕಿಸಿದ. ಒದ್ದೆ ಗೋಣಿ ಹೊದಿಸಿದ. ಗುಂಡಿ ಒತ್ತಿದ.

ಹಗ್ಗ ಬಿಗಿಯಿತು. ಪಕ್ಕದ ಕನ್ನಡಿ ಹಾರಿತು, ಬಾವುಟದ ಕೋಲು ಬುಡದಲ್ಲಿ ಲಟಕ್ಕನೆ ಮುರಿಯಿತು. ಜೀಪು ತನ್ನನ್ನು ತಾನು ಅಪ್ಪಿಕೊಂಡು ನರಳಿತೇ ಹೊರತು ಎಳ್ಳಷ್ಟೂ ಸರಿಯಲಿಲ್ಲ. ಬೀಳುತ್ತಿದ್ದ ಬಾವುಟವನ್ನು ಗಾದಿಲಿಂಗ ಹಿಡಿದುಕೊಂಡ.

ಓಡಿಬಂದ ಜನ ಕೆಸರಿನಲ್ಲೇ ಕುಳಿತು ನಕ್ಕರು. ಪಂಪನಗೌಡರು ನಗಲಿಲ್ಲ. ಜೀಪನ್ನು ಅದಕ್ಕೇ ಯಾಕೆ ಕಟ್ಟಿದೆಯಪ್ಪಾ ಎಂದು ಕೇಳಿದರು. ಈ ಸೀಮೆಯಲ್ಲಿ ಎಳೆದರೆ ಅಲುಗದ ವಸ್ತು ಇದೊಂದೇ ಎಂದು ಅವ್ವ ಊರ ಮುಂದೆ ಹೇಳಿದ್ದಾಳೆಂದು ಗಾದಿಲಿಂಗ ವಿನಯದಿಂದ ಉತ್ತರಿಸಿದ. ಅಲುಗಿಲ್ಲವೆಂಬುದನ್ನೂ ತೋರಿಸಿದ.

"ಸಾಕಾತು ಗೌಡ್ರ," ಎಂದ ಎರ್ರಿಸ್ವಾಮಿ. "ಇವನ್ನ ಹಿಂದಕ್ಕ ಎಳಸ್ರಿ. ನಾ ಮುಂದ ಹೋಗ್ತೀನಿ."

ಆಗ ಹೊನ್ನೂರವ್ವ ಪರಊರಿನ ಬಂಡಿಯನ್ನು ಎಳೆಸಿ ಮುಗಿಸಿ, ಕೆಸರು ತುಳಿದುಕೊಂಡು ಬಂದಳು. ಮಗನಿಗೆ ಬೈಯಲಿಲ್ಲ, ಅವನು ಹೇಳಿದ್ದು ತಾನಾಡಿದ ಮಾತನ್ನೇ. ಒಂದು ಕ್ಷಣ ಆ ಜೀಪನ್ನು ನೋಡಿದಳು. ಇಷ್ಟು ದಿನ ಗಂಡುಮಗನಿಗೆ ಕಲಿಸಬೇಕು, ಕಲಿಸಬೇಕು ಎಂದು ಒದ್ದಾಡಿದ್ದಳಲ್ಲ, ಕಲಿಸಲು ಬೇಕಾದುದೆಲ್ಲ ಯಾರ ಬಳಿ ಇತ್ತೆಂಬುದು ಅವಳಿಗೆ ಆಗ ಹೊಳೆಯಿತು. ಕೊಕ್ಕೆ ಬಿಚ್ಚಿದಳು. ಮತ್ತಿಯ ಮರದ ಬುಡಕ್ಕೆ ಅಗಲದ ಬೆಲ್ಟು ಸುತ್ತಿ ಕೊಂಡಿ ಹಾಕಿದಳು, ಗೋಣಿ ಹೊದಿಸಿದಳು, ಜನರನ್ನು ದೂರ ಸರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗಿನ ಮುಂದೆ ತಾನೇ ಕುಳಿತಳು.

"ಗೌಡ್ರ, ಮನ್ಯಾವ್ರು ನಡಸಬೇಕು ಅಂದಿದ್ರಿ. ನಾ ಮನ್ಯಾಕಿ ಅಲ್ಲೇನು?"

ಪಂಪನಗೌಡರು ಯೋಚಿಸಲಿಲ್ಲ. "ನಿನ್ನ ಬಿಟ್ರ ಆ ಮನ್ಯಾಗ ಯಾರದಾರವ್ವ? ನಡಸು," ಎಂದರು.

ವಿಂಚು ಹಗ್ಗ ಸುತ್ತಿಕೊಂಡಿತು, ಮುಂಬಂಡಿ ಕೆಸರನ್ನು ಕೊಡವಿಕೊಂಡು ಮೇಲೆ ಬಂದಿತು. ಹಿಂದಿನಿಂದ ಎದ್ದ ಕೂಗು ಕಣಿವೆಯನ್ನು ತುಂಬಿತು. ಹೊರಡುವಾಗ ಅವಳು ಮಗನನ್ನು ಹಿಂಭಾಗದಲ್ಲಿ ನಿಲ್ಲಿಸಿದಳು. ಗುಬ್ಬಿಕೊಳ್ಳದವರು ಆರತಿ ಎತ್ತುವುದು ಬಾವುಟಕ್ಕೆ. ಆರತಿಗೆ ಮೊದಲು ಅದು ಬಾಗಿದರೆ ಆ ವರ್ಷದ ಮರ್ಯಾದೆ ಹೋದಂತೆ. ಕೋಲು ಮುರಿದುದರಿಂದ ಈಗ ಅದನ್ನು ಕೈಯಲ್ಲೇ ಹಿಡಿಯಬೇಕಾಗಿತ್ತು.

"ಬಾವುಟ ನೆಟ್ಟಗ ಹಿಡಿ," ಎಂದಳು. "ಏನ ಬರ್ಲಿ, ಯಾರ ಬರ್ಲಿ, ಬಗ್ಗಿಸಬ್ಯಾಡ."

"ಆಗಲವ್ವಾ, ನೀ ಹೇಳಿದಂಗ."

ಹೊನ್ನೂರವ್ವ ಜೀಪು ನಡೆಸಿದ ರೀತಿಯನ್ನು ಗುಡ್ಡದವರು ಇನ್ನೂ ಕೊಂಡಾಡುತ್ತಾರೆ. ಏರಿನಲ್ಲಿ ಎಂಜಿನು ಏದುಸಿರು ಬಿಡಲಿಲ್ಲ, ಇಳುಕಲಿನಲ್ಲಿ ಬ್ರೇಕು ಕಿರುಚಲಿಲ್ಲ. ಎರ್ರಿಸ್ವಾಮಿ ಅವಳ ಚಕ್ರದ ಗುರುತು ಹಿಡಿದೇ ಬರಬೇಕಾಯಿತು. ಆ ಗುರುತು ಬಿಟ್ಟ ಕಡೆ ಒಮ್ಮೆ ಹೂತು ಹಿಂದೆ ಉಳಿದ. ಅವಳು ಎಲ್ಲರಿಗಿಂತ ಮೊದಲು ಗುಬ್ಬಿಕೊಳ್ಳದ ಅಗಸೆಬಾಗಿಲಿನ ಮುಂದೆ ಜೀಪು ನಿಲ್ಲಿಸಿದಳು. ಡೊಳ್ಳಿನವರು ಕೈಯೆತ್ತಿದರು. ಆರತಿ ಹಿಡಿದ ಮುತ್ತೈದೆಯರು ಮುಂದೆ ಬಂದು, ಸುತ್ತ ನೋಡಿ, ಅಲ್ಲೇ ನಿಂತರು.

ಬಾವುಟವಿರಲಿಲ್ಲ. ಗಾದಿಲಿಂಗನೂ ಇರಲಿಲ್ಲ.

ಹೊನ್ನೂರವ್ವ ಜೀಪಿನ ಹಿಂಭಾಗಕ್ಕೆ ತಿರುಗಿ ನೋಡಿದಳು. ಮೊದಲು ಮಗ ನೆನಪಾದ, ಆಮೇಲೆ ಮರ್ಯಾದೆ. ಎಲ್ಲಿ ಬಿದ್ದನೋ ಎಂದು ಜೀಪು ತಿರುಗಿಸಿದಳು. ಹಿಂದೆಯೇ ಡೊಳ್ಳಿನವರು, ಆರತಿಯವರು, ಊರವರು ಓಡಿದರು. ಊರ ಹೊರಗೆ ದಾರಿಗೆ ಅಡ್ಡವಾಗಿ ಕೊಂಬೆ ಚಾಚಿದ ದೊಡ್ಡ ಹುಣಸೆಯ ಮರವಿತ್ತು. ಅಷ್ಟರಲ್ಲಿ ಬಂದು ತಲುಪಿದ ಎರ್ರಿಸ್ವಾಮಿ, ಪಂಪನಗೌಡರು, ಸಾಲಿನವರೆಲ್ಲ ಅದರ ಕೆಳಗೆ ಜೀಪು ನಿಲ್ಲಿಸಿ, ಕತ್ತೆತ್ತಿ ಮೇಲೆ ನೋಡುತ್ತಿದ್ದರು.

ಕೊಂಬೆ ಎದುರಾದಾಗ ಬಾವುಟವನ್ನು ಬಗ್ಗಿಸಿದ್ದರೆ ಜೀಪಿನೊಡನೆ ಕೆಳಗೆ ನುಸುಳಬಹುದಾಗಿತ್ತು. ಗಾದಿಲಿಂಗ ಬಗ್ಗಿಸಲಿಲ್ಲ. ಕೊಂಬೆಯೂ ಬಗ್ಗಲಿಲ್ಲ. ಜೀಪು ಮುಂದೆ ಹೋಯಿತು, ಅವನು ಕೊಂಬೆಯನ್ನು ತಬ್ಬಿ ಅಲ್ಲೇ ಉಳಿದ. ಆಮೇಲೆ ನೆತ್ತಿಯವರೆಗೆ ಹತ್ತಿ, ಎಲೆಗಳ ಮೇಲೆ ಬಾವುಟ ಕಾಣುವಂತೆ ನೆಟ್ಟಗೆ ಹಿಡಿದು ಕುಳಿತಿದ್ದ.

"ಬಗ್ಗಿಸಿಲ್ಲವ್ವಾ," ಎಂದ ಮೇಲಿನಿಂದ.

ಎಲ್ಲರೂ ಹೊನ್ನೂರವ್ವನ ಬೈಗುಳಕ್ಕೆ ಕಾದರು. ಅವಳು ಮಗನನ್ನು ನೋಡಿದಳು, ಬಾವುಟವನ್ನು ನೋಡಿದಳು, ಎರ್ರಿಸ್ವಾಮಿಯ ಕಡೆ ತಿರುಗಿದಳು. "ಕಣ್ಣು ತುಂಬ ನೋಡ್ಕೋ ತಮ್ಮಾ. ನಮ್ಮ ಮನಿ ಬಾವುಟ ಇಷ್ಟು ಎತ್ತರ ನಿಮ್ಮ ದೊಡ್ಡಪ್ಪನ ಕಾಲಕ್ಕೂ ಏರಿರಲಿಲ್ಲ."

ಪಂಪನಗೌಡರು ಆರತಿಯವರಿಗೆ ಕಣ್ಸನ್ನೆ ಮಾಡಿದರು. ಡೊಳ್ಳು ಬಡಿಯಿತು. ಮುತ್ತೈದೆಯರು ಹುಣಸೆಯ ಬುಡದಲ್ಲಿ ನಿಂತು, ತಲೆಯೆತ್ತಿ, ಮರಕ್ಕೇ ಆರತಿ ಬೆಳಗಿದರು. ಮುಂಬಂಡಿಯ ಮರ್ಯಾದೆ ಹೊನ್ನೂರವ್ವನ ಮನೆಯಲ್ಲೇ ಉಳಿಯಿತು.

ಆರತಿ ಮುಗಿಯಿತು, ಎಲ್ಲರೂ ಊಟಕ್ಕೆ ಹೊರಟರು. ಇನ್ನು ಇಳಿದು ಬಾ ಎಂದು ತಾಯಿ ಕರೆದಳು. ಗಾದಿಲಿಂಗ ಕೆಳಗೆ ನೋಡಿ, ಕೊಂಬೆ ನೋಡಿ, ಬಾವುಟ ನೋಡಿ, ಬಹಳ ಹೊತ್ತು ಯೋಚಿಸಿದ.

"ಇಳೀಬೇಕಂದ್ರ ಬಾವುಟ ಬಗ್ತೈತವ್ವಾ. ಏನ ಬರ್ಲಿ, ಯಾರ ಬರ್ಲಿ ಅಂದಾಕಿ ನೀನ ಅಲ್ಲೇನು?"

ಹೊನ್ನೂರವ್ವ ಬಾಯಿ ತೆರೆದಳು. ಇನ್ನೊಂದು ಬುದ್ಧಿಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಇವನು ಅದನ್ನೂ ಮಾಡಿಬಿಡುವನೆಂದು ನೆನೆದು ಬಾಯಿ ಮುಚ್ಚಿಕೊಂಡಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯವನ್ನು ಬುತ್ತಿ ಕಟ್ಟಿಸಿ, ಉದ್ದನೆಯ ಗಳುವಿನ ತುದಿಗೆ ಸಿಕ್ಕಿಸಿ, ಮೇಲಕ್ಕೆ ಕೊಟ್ಟಳು. ಗಾದಿಲಿಂಗ ಒಂದು ಕೈಯಲ್ಲಿ ಬಾವುಟ ಹಿಡಿದು, ಇನ್ನೊಂದರಲ್ಲಿ ರೊಟ್ಟಿ ತಿನ್ನುತ್ತ, ಕೆಳಗೆ ಹಾದು ಹೋಗುವ ಜೀಪುಗಳಿಗೆಲ್ಲ ತಲೆಯಾಡಿಸಿ ಅಪ್ಪಣೆ ಕೊಡುತ್ತಿದ್ದ.